ಹಿಡಿ ಅಕ್ಕಿ ಕೊಟ್ಟವರ ಮೇಲೆ ನಮಗೇಕೆ ಅನುಮಾನ?

ಮೊನ್ನೆ ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಮಿಜೋರಾಂನದ್ದು ಎನ್ನಲಾದ ಒಂದು ಚರ್ಚಿನ ಅಂಗಳ, ಅಲ್ಲಿ ಮಕ್ಕಳಿಗೆ ಅನ್ನ ಬಡಿಸುತ್ತಿರುವ ಹೆಂಗಸರು. ಕೆಳಗೆ ಒಂದೇ ಸಾಲು: ‘ನುಸುಳುಕೋರರಿಗೆ ಮೊದಲು ಅನ್ನ, ಆಮೇಲೆ ಮತಾಂತರ’. ಅರ್ಧ ಗಂಟೆಯಲ್ಲಿ ಅದಕ್ಕೆ ಹತ್ತಾರು ಹೆಬ್ಬೆರಳು ಬಿದ್ದವು. ಆ ಮಕ್ಕಳು ಯಾರು, ಎಲ್ಲಿಂದ ಬಂದವರು ಎಂದು ಒಬ್ಬರೂ ಕೇಳಲಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ.

2021ರ ಫೆಬ್ರುವರಿ 1ರಂದು ಮ್ಯಾನ್ಮಾರ್‌ನಲ್ಲಿ, ನಮ್ಮ ಹಿರಿಯರು ಬರ್ಮಾ ಎನ್ನುತ್ತಿದ್ದ ದೇಶದಲ್ಲಿ, ಸೇನೆ ಅಧಿಕಾರ ಕಿತ್ತುಕೊಂಡಿತು. ಜನ ಬೀದಿಗಿಳಿದರು. ಸೇನೆ ಗುಂಡು ಹಾರಿಸಿತು, ಆಮೇಲೆ ಊರುಗಳ ಮೇಲೆ ಬಾಂಬು ಹಾಕಿತು. ನಮ್ಮ ಮಿಜೋರಾಂನ ಗಡಿಗೆ ಅಂಟಿಕೊಂಡಿರುವ ಚಿನ್ ರಾಜ್ಯದಲ್ಲಿ ಥಾಂಟ್ಲಾಂಗ್ ಎಂಬ ಪಟ್ಟಣವಿದೆ. 2021ರ ಅಕ್ಟೋಬರ್ 29ರ ಶೆಲ್ ದಾಳಿಯಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಚರ್ಚುಗಳನ್ನೂ ಬೆಂಕಿ ಬಿಡಲಿಲ್ಲ. ಊರೇ ಖಾಲಿಯಾಯಿತು. ಚಿನ್ ರಾಜ್ಯದ ಜನ ತಿಯಾವು ಹೊಳೆ ದಾಟಿ ಚಂಫಾಯ್ ಜಿಲ್ಲೆಯ ಕಡೆಗೆ ಬಂದರು. ಹೊಳೆಯ ಆ ದಡ ಬರ್ಮಾ, ಈ ದಡ ಭಾರತ. ಹೀಗೆ ಬಂದು ಮಿಜೋರಾಂನಲ್ಲಿ ಆಶ್ರಯ ಪಡೆದವರು 30,000ಕ್ಕೂ ಹೆಚ್ಚು.

ಈಗ ಮತಾಂತರದ ಮಾತು. ಬಂದವರು ಚಿನ್ ಜನ. ಅವರಲ್ಲಿ ಬಹುಪಾಲು ಜನ ತಲೆಮಾರುಗಳಿಂದ ಕ್ರೈಸ್ತರು. ಅನ್ನ ಹಾಕಿದ ಮಿಜೋಗಳೂ ಕ್ರೈಸ್ತರು. ಕ್ರೈಸ್ತರನ್ನು ಕ್ರೈಸ್ತರನ್ನಾಗಿ ಮಾಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗಲ್ಲವೆ? ಫಾರ್ವರ್ಡ್ ಬರೆದವನಿಗೆ ಇಷ್ಟೂ ಗೊತ್ತಿರಲಿಲ್ಲ. ಹೆಬ್ಬೆರಳು ಒತ್ತಿದ ನಮಗೂ ಗೊತ್ತಿರಲಿಲ್ಲ.

‘ಹಾಗಾದರೆ ತಮ್ಮವರಿಗೆ ತಾವು ಮಾಡಿಕೊಂಡರು, ಅದರಲ್ಲೇನು ದೊಡ್ಡಸ್ತಿಕೆ?’ ಎನ್ನುವವರಿದ್ದಾರೆ. ನಿಜ, ಮಿಜೋಗಳಿಗೂ ಚಿನ್ನರಿಗೂ ರಕ್ತದ ನಂಟಿದೆ. ಆದರೆ ಇದೇ ಬರ್ಮಾ ಸೇನೆ 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರನ್ನು ಬಾಂಗ್ಲಾದೇಶಕ್ಕೆ ಓಡಿಸಿತು. ಅಲ್ಲಿನ ಕಾಕ್ಸ್ ಬಜಾರ್ ಶಿಬಿರಗಳಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಗಳಲ್ಲಿ ಕ್ಯಾಥೋಲಿಕರ ಕಾರಿತಾಸ್ ಕೂಡ ಒಂದು. ಬಾಂಗ್ಲಾದೇಶದಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಅಲ್ಲಿ ಯಾರು ಯಾರ ಕಡೆಯವರು?

ಮಿಜೋ ಮನೆಗಳಲ್ಲಿ ಒಂದು ಪದ್ಧತಿ ಇದೆ. ಹೆಸರು ‘ಬುಹ್‌ಫೈ ಥಾಮ್’, ಅಂದರೆ ಹಿಡಿ ಅಕ್ಕಿ. ಅಡುಗೆಗೆ ಅಕ್ಕಿ ಅಳೆಯುವಾಗ ಮನೆಯೊಡತಿ ಒಂದು ಹಿಡಿ ತೆಗೆದು ಚರ್ಚಿಗೆಂದು ಬೇರೆ ಇಡುತ್ತಾಳೆ. ನೂರು ವರ್ಷಕ್ಕೂ ಹಿಂದಿನಿಂದ ಇದು ನಡೆದು ಬಂದಿದೆ. ನಮ್ಮಲ್ಲೂ ಮಠದ ದಾಸೋಹಕ್ಕೆ, ಜಾತ್ರೆಗೆ ಅಜ್ಜಿಯಂದಿರು ಹೀಗೇ ಅಕ್ಕಿ, ರಾಗಿ ಎತ್ತಿಡುತ್ತಿದ್ದರು. ಇಂಥ ಅಭ್ಯಾಸದಲ್ಲಿ ಬೆಳೆದ ಜನರ ಬಾಗಿಲಿಗೆ ನಿರಾಶ್ರಿತರು ಬಂದಾಗ ಚರ್ಚುಗಳು, ಯಂಗ್ ಮಿಜೋ ಅಸೋಸಿಯೇಷನ್ ಮತ್ತು ಊರಿನವರು ಸೇರಿ ಅಕ್ಕಿ, ತರಕಾರಿ, ಸೌದೆ, ಬಟ್ಟೆ ಕೂಡಿಸಿದರು. ಬಿದಿರು, ಟಾರ್ಪಾಲಿನ ಗುಡಿಸಲು ಎದ್ದವು. ಅವರಿಗೆ ಹಳೆಯ ನೆನಪೂ ಇತ್ತು. 1966ರಲ್ಲಿ ಬಂಡಾಯ ಅಡಗಿಸಲು ನಮ್ಮದೇ ವಾಯುಪಡೆ ಐಜ್ವಾಲ್ ಮೇಲೆ ಬಾಂಬು ಹಾಕಿತ್ತು. ಆ ವರ್ಷಗಳಲ್ಲಿ ಎಷ್ಟೋ ಮಿಜೋಗಳು ಜೀವ ಉಳಿಸಿಕೊಳ್ಳಲು ಇದೇ ಗಡಿ ದಾಟಿ ಆ ಕಡೆಗೆ ಹೋಗಿದ್ದರು.

ಅನುಮಾನ ಪಡಲೇಬೇಕೆಂದರೆ ಬೇರೆ ಕಡೆ ನೋಡೋಣ. 2021ರ ಮಾರ್ಚ್ 10ರಂದು ಕೇಂದ್ರ ಗೃಹ ಇಲಾಖೆ ಗಡಿಯ ನಾಲ್ಕು ರಾಜ್ಯಗಳಿಗೆ ಪತ್ರ ಬರೆಯಿತು. ಒಳಗೆ ಬಿಡಬೇಡಿ, ಬಂದವರನ್ನು ಗುರುತಿಸಿ ವಾಪಸ್ ಕಳಿಸಿ, ನಿರಾಶ್ರಿತರೆಂದು ಮಾನ್ಯ ಮಾಡುವ ಅಧಿಕಾರ ನಿಮಗಿಲ್ಲ ಎಂಬುದು ಅದರ ಸಾರ. ಎಂಟು ದಿನದಲ್ಲಿ ಆಗಿನ ಮುಖ್ಯಮಂತ್ರಿ ಝೋರಾಂಥಂಗ ಪ್ರಧಾನಿಗೆ ಪತ್ರ ಬರೆದು, ಇದು ಮಿಜೋರಾಂಗೆ ಒಪ್ಪಿಗೆಯಿಲ್ಲ ಎಂದರು. ಅವರ ಸರ್ಕಾರ ಆ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲನ್ನೂ ತೆರೆಯಿತು. ಅವರದು ಆಗ ಬಿಜೆಪಿಯ ಮಿತ್ರಪಕ್ಷವೇ ಆಗಿತ್ತು ಎಂಬುದು ನೆನಪಿರಲಿ. ಕೇಂದ್ರ ಆಮೇಲೆ ಒಂದಿಷ್ಟು ಹಣ, ಅಕ್ಕಿ ಕೊಟ್ಟಿದೆ, ಇಲ್ಲವೆನ್ನುವುದಿಲ್ಲ. ಆದರೆ ‘ನಿರಾಶ್ರಿತ’ ಎಂಬ ಒಂದು ಮಾತು ಮಾತ್ರ ಕೊಟ್ಟಿಲ್ಲ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಕ್ರೈಸ್ತರ ಹೆಸರಿದೆ, ಆದರೆ ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಕ್ಕೆ ಮಾತ್ರ. ಬರ್ಮಾದಿಂದ ಓಡಿಬಂದ ಕ್ರೈಸ್ತನಿಗೆ ಅದರಲ್ಲಿ ಜಾಗವಿಲ್ಲ. ಸರ್ಕಾರ ಮಾಡಬೇಕಾದ ಕೆಲಸವನ್ನು ಚರ್ಚಿನ ಹೆಂಗಸರ ಸೆರಗಿಗೆ ಕಟ್ಟಿ, ಆಮೇಲೆ ಅವರ ಮೇಲೆಯೇ ಅನುಮಾನ ಪಡುವುದು ಯಾವ ನ್ಯಾಯ?

ಚರ್ಚಿನವರಿಗೂ ಒಂದು ಮಾತು ಹೇಳಬೇಕು. ನಿಮ್ಮ ಹಿಡಿ ಅಕ್ಕಿಗೆ ಕೈ ಮುಗಿಯುತ್ತೇನೆ. ಆದರೆ ದಾನ ಹಕ್ಕಲ್ಲ. ಕೊಡುವವರ ಕೈ ಸೋಲುತ್ತದೆ. ಒಂದು ವರ್ಷ ಬೆಳೆ ಕೆಟ್ಟರೆ, ಬಂದವರಲ್ಲಿ ಯಾರೋ ಒಬ್ಬ ತಪ್ಪು ಮಾಡಿ ಊರಿನವರ ಮನಸ್ಸು ಕಹಿಯಾದರೆ, ಆ ಹಿಡಿ ಚಿಕ್ಕದಾಗುತ್ತದೆ. ಆಗ ಆ ಮಗು ಯಾರನ್ನು ಕೇಳಬೇಕು? ದೇಶದ ದೊಡ್ಡ ದೊಡ್ಡ ಚರ್ಚುಗಳು ಅಕ್ಕಿಯ ಜೊತೆಗೆ ಕಾನೂನನ್ನೂ ಗಟ್ಟಿ ದನಿಯಲ್ಲಿ ಕೇಳಬೇಕು. ಚಿನ್ನರಿಗೆ ಮಾತ್ರ ಅಲ್ಲ, ರೋಹಿಂಗ್ಯಾಗಳಿಗೂ, ಶ್ರೀಲಂಕಾದ ತಮಿಳರಿಗೂ ಸೇರಿಸಿ ಕೇಳಬೇಕು.

‘ಅಷ್ಟು ಜನಕ್ಕೆ ಎಲ್ಲಿಂದ ಕೊಡೋದು?’ ಎನ್ನುವವರು ಒಮ್ಮೆ ಪಿರಿಯಾಪಟ್ಟಣದ ಕಡೆ ಹೋಗಿ ಬನ್ನಿ. 1960ರ ದಶಕದ ಆರಂಭದಲ್ಲಿ, ನಾವು ಇನ್ನೂ ಮೈಸೂರು ರಾಜ್ಯವಾಗಿದ್ದಾಗ, ಬೈಲುಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕೊಟ್ಟೆವು. ಆಗ ನಾವೇನೂ ಇವತ್ತಿಗಿಂತ ಶ್ರೀಮಂತರಾಗಿರಲಿಲ್ಲ. ಇವತ್ತು ಅಲ್ಲಿ ಅವರು ಜೋಳ ಬೆಳೆಯುತ್ತಾರೆ, ನಾವು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಚಿನ್ನದ ಬಣ್ಣದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತೇವೆ. ಆ ಫೋಟೊ ಇದೇ ಗ್ರೂಪಿಗೆ ಬರುತ್ತದೆ. ಅದಕ್ಕೂ ಹೆಬ್ಬೆರಳು ಬೀಳುತ್ತದೆ.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದರೆ ಒತ್ತುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಹೊಳೆ ದಾಟಿ ಬಂದ ಆ ಮಗುವಿಗೆ ಆ ಹೊತ್ತು ಯಾರು ಅನ್ನ ಹಾಕಬೇಕಿತ್ತು?