ಕೆಂಡದ ತಂತಿಗೆ ಚಿಟಿಕೆ ಸೀರಿಯಂ

ಕರೆಂಟ್ ಒಲೆಯ ಹೊಸ ಸುರುಳಿ ಬೆಳ್ಳಿಯಂತೆ ಹೊಳೆಯುತ್ತದೆ. ನಾಲ್ಕು ದಿನ ಅಡುಗೆ ಮಾಡುವುದರೊಳಗೆ ಮಂಕಾಗುತ್ತದೆ. ಸುರುಳಿ ಕೆಟ್ಟಿತೆಂದು ಮನೆಯವರು ಗೊಣಗಬೇಕಾಗಿಲ್ಲ. ಆ ಮಂಕು ಪದರವೇ ಅದರ ಆಯುಸ್ಸು.

ಸುರುಳಿಯ ತಂತಿ ಸಾಮಾನ್ಯವಾಗಿ ನೈಕ್ರೋಮ್. ಸುಮಾರು 80 ಭಾಗ ನಿಕಲ್, 20 ಭಾಗ ಕ್ರೋಮಿಯಂ ಸೇರಿದ ಮಿಶ್ರಲೋಹ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕಾದಾಗ ಇದರಲ್ಲಿನ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಕ್ರೋಮಿಯಂ ಆಕ್ಸೈಡಿನ ತೆಳು ಕವಚ ಕಟ್ಟುತ್ತದೆ. ಒಳಗಿನ ಲೋಹವನ್ನು ಕಾಯುವುದು ಅದೇ.

ಈ ಕವಚಕ್ಕೆ ಉರಿಗಿಂತ ಸ್ವಿಚ್ಚೇ ದೊಡ್ಡ ಶತ್ರು. ಒಲೆ ಆರಿಸಿದೊಡನೆ ಲೋಹ ಹೆಚ್ಚು ಕುಗ್ಗುತ್ತದೆ, ಆಕ್ಸೈಡ್ ಕಡಿಮೆ ಕುಗ್ಗುತ್ತದೆ. ಪದರ ಚಕ್ಕೆಚಕ್ಕೆಯಾಗಿ ಸಿಡಿಯುತ್ತದೆ. ಮರುದಿನ ಹೊಸ ಕವಚಕ್ಕೆ ಮತ್ತೆ ಕ್ರೋಮಿಯಂ ಖರ್ಚು. ಹೀಗೆ ಸವೆದ ತಂತಿ ಒಂದು ದಿನ ಒಂದೇ ಕಡೆ ಅತಿಯಾಗಿ ಕಾದು ತುಂಡಾಗುತ್ತದೆ.

ಕವಚ ಬೆಳೆಯುವುದು ಹೇಗೆ? ಆಮ್ಲಜನಕ ಒಳಗೆ ನುಗ್ಗುತ್ತದೆಯೋ, ಲೋಹವೇ ಹೊರಗೆ ಬರುತ್ತದೆಯೋ? ಎಲ್. ಬಿ. ಫೈಲ್ ಎಂಬ ವಿಜ್ಞಾನಿ 1929ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ. ಆತ ಕಬ್ಬಿಣದ ಮೇಲೆ ಹಸಿರು ಕ್ರೋಮಿಯಂ ಆಕ್ಸೈಡನ್ನು ಬಣ್ಣದಂತೆ ಬಳಿದು ಕಾಯಿಸಿದ. ಆಮ್ಲಜನಕವೊಂದೇ ಒಳಗೆ ಹೋಗುವುದಾದರೆ ಹಸಿರು ಮೇಲೆಯೇ ಉಳಿಯಬೇಕಿತ್ತಲ್ಲವೇ? ಅದು ಆಕ್ಸೈಡ್ ಪದರದ ನಡುವೆ ಹೂತುಹೋಗಿತ್ತು! ಅಂದರೆ ಕಬ್ಬಿಣ ಹಸಿರನ್ನು ದಾಟಿ ಹೊರಬಂದಿತ್ತು.

ನೈಕ್ರೋಮಿನಲ್ಲೂ ಕ್ರೋಮಿಯಂ ಹೀಗೆಯೇ ಆಕ್ಸೈಡ್ ಹರಳುಗಳ ಸಂದುಗಳಲ್ಲಿ ಹೊರಕ್ಕೆ ಸಾಗುತ್ತದೆ. ಅದು ಬಿಟ್ಟ ಜಾಗದಲ್ಲಿ, ಕವಚದ ಅಡಿಯಲ್ಲಿ, ಸಣ್ಣ ಸಣ್ಣ ಟೊಳ್ಳುಗಳು ಉಳಿದು ಹಿಡಿತ ಸಡಿಲವಾಗುತ್ತದೆ.

ಇದೇ ಫೈಲ್ 1937ರ ಬ್ರಿಟಿಷ್ ಪೇಟೆಂಟಿನಲ್ಲಿ ಮದ್ದನ್ನೂ ಸೂಚಿಸಿದ: ಶಾಖ ತಡೆಯುವ ಮಿಶ್ರಲೋಹಕ್ಕೆ ಸೀರಿಯಮ್ಮಿನಂಥ ವಿರಳ ಭಸ್ಮ ಧಾತುವನ್ನು ಚಿಟಿಕೆಯಷ್ಟು ಬೆರೆಸುವುದು. ಈಗ ಯಿಟ್ರಿಯಂ, ಲ್ಯಾಂಥನಂ ಕೂಡ ಬಳಕೆಯಲ್ಲಿವೆ. ಶೇಕಡಾ 0.1ರಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ ಸಾಕು.

ಇಷ್ಟು ಕಡಿಮೆ ಏಕೆ ಸಾಕು? ಜಾತ್ರೆಯ ದಿನ ಓಣಿಯ ಬಾಯಲ್ಲಿ ನಾಲ್ಕು ಗಾಡಿ ನಿಂತರೆ ಓಡಾಟ ನಿಲ್ಲುತ್ತದೆ, ಊರೆಲ್ಲ ಗಾಡಿ ತುಂಬಬೇಕಿಲ್ಲ. ಸೀರಿಯಮ್ಮಿನ ದೊಡ್ಡ ಅಯಾನುಗಳು ಆಕ್ಸೈಡಿನ ಸಂದುಗಳಲ್ಲೇ ಬಂದು ಸೇರಿ ಕ್ರೋಮಿಯಮ್ಮಿನ ದಾರಿಗೆ ಅಡ್ಡ ನಿಲ್ಲುತ್ತವೆ. ಆಗ ಆಮ್ಲಜನಕ ನಿಧಾನವಾಗಿ ಒಳಬರುವುದೇ ಮುಖ್ಯವಾಗುತ್ತದೆ. ಹೊಸ ಆಕ್ಸೈಡ್ ಲೋಹಕ್ಕೆ ತಾಗಿಕೊಂಡೇ ಹುಟ್ಟುತ್ತದೆ. ಟೊಳ್ಳು ಕಡಿಮೆ, ಹಿಡಿತ ಬಿಗಿ. ಕವಚ ಬೆಳೆಯುವ ವೇಗ ಹತ್ತರಲ್ಲೊಂದು ಭಾಗಕ್ಕೆ ಇಳಿಯುವುದೂ ಉಂಟು.

ಇನ್ನೊಂದು ಕಳ್ಳನಿದ್ದಾನೆ, ಗಂಧಕ. ಲೋಹದ ಹತ್ತು ಲಕ್ಷ ಭಾಗದಲ್ಲಿ ಹತ್ತಿಪ್ಪತ್ತು ಭಾಗವಿದ್ದರೂ ಅದು ಕವಚದ ಅಡಿಗೆ ಸೇರಿ ಅಂಟನ್ನು ಬಿಡಿಸುತ್ತದೆ. 1980ರ ದಶಕದ ಪ್ರಯೋಗಗಳು ಇದನ್ನು ಎತ್ತಿ ತೋರಿಸಿದವು. ಸೀರಿಯಂ, ಯಿಟ್ರಿಯಂಗಳು ಗಂಧಕವನ್ನು ಲೋಹದೊಳಗೇ ಹಿಡಿದಿಡುತ್ತವೆ. ಆದರೆ ಚಿಟಿಕೆ ಹಿಡಿಯಾದರೆ ಇವೇ ಮಿಶ್ರಲೋಹವನ್ನು ಕೆಡಿಸುತ್ತವೆ; ಉಪ್ಪಿನ ಹಾಗೆ.

ಸೀರಿಯಂ ದೂರದ ವಸ್ತುವೇನಲ್ಲ. ಕೇರಳ ಕರಾವಳಿಯ ಮೋನಜೈಟ್ ಮರಳಿನಲ್ಲಿದೆ, ಸಿಗರೇಟ್ ಲೈಟರಿನ ಕಿಡಿಕಲ್ಲಿನಲ್ಲೂ ಇದೆ. ಆದರೆ ಸುಮಾರು 1000 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕ್ರೋಮಿಯಂ ಆಕ್ಸೈಡೇ ಅನಿಲ ರೂಪದಲ್ಲಿ ಹಾರಿಹೋಗತೊಡಗುತ್ತದೆ. ಇನ್ನೂ ಹೆಚ್ಚು ಕಾಯುವ ಕುಲುಮೆಗಳಿಗೆ ಅಲ್ಯುಮಿನಿಯಂ ಬೆರೆಸಿದ ಕಬ್ಬಿಣ-ಕ್ರೋಮಿಯಂ ತಂತಿಯೇ ಬೇಕು. ಅಲ್ಲಿನ ಕವಚ ಅಲ್ಯುಮಿನಿಯಂ ಆಕ್ಸೈಡಿನದು. ಅದು ಉದುರದಂತೆ ಅಲ್ಲೂ ಹಲವು ಬಾರಿ ಚಿಟಿಕೆ ಯಿಟ್ರಿಯಂ ಸೇರಿಸುತ್ತಾರೆ.