ಗಂಟಲಮಾರಿಯ ಪ್ರತಿವಿಷ ತಾಲ್ಲೂಕು ಆಸ್ಪತ್ರೆಯಲ್ಲೇ ಇರಬೇಕು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗಂಟಲಮಾರಿ ಎಂದು ಕರೆಯುವ ಡಿಫ್ತೀರಿಯಾದಿಂದ ಮಗುವೊಂದು ಸತ್ತಾಗ, ಚರ್ಚೆ ಬಹುಬೇಗ ಲಸಿಕೆ ಹಾಕಿಸದ ತಂದೆತಾಯಿಯ ಕಡೆಗೆ ತಿರುಗಿ ಅಲ್ಲಿಗೇ ಮುಗಿದುಹೋಗುತ್ತದೆ. ಲಸಿಕೆ ತಪ್ಪಿದ್ದು ರೋಗಕ್ಕೆ ಕಾರಣವಿರಬಹುದು; ಆದರೆ ರೋಗ ಬಂದ ಮೇಲೆ ಮಗು ಉಳಿಯುವುದು ಬಹುಮಟ್ಟಿಗೆ ಪ್ರತಿವಿಷ ಎಷ್ಟನೆಯ ದಿನ ಮೈಸೇರಿತು ಎಂಬುದರ ಮೇಲೆ ನಿಂತಿದೆ, ಮತ್ತು ಅದು ತಂದೆತಾಯಿಯ ಕೈಯಲ್ಲಿಲ್ಲ, ಆಸ್ಪತ್ರೆಯ ವ್ಯವಸ್ಥೆಯ ಕೈಯಲ್ಲಿದೆ.

ಈ ರೋಗದ ಸೂಕ್ಷ್ಮಾಣು ಗಂಟಲಿನಲ್ಲಿ ನೆಲೆಸಿ ಬೂದುಬಣ್ಣದ ಗಟ್ಟಿ ಪೊರೆಯನ್ನು ಕಟ್ಟುತ್ತದೆ. ಆ ಪೊರೆ ಶ್ವಾಸನಾಳಕ್ಕೆ ಇಳಿದರೆ ಉಸಿರು ಕಟ್ಟುತ್ತದೆ. ಇದಕ್ಕಿಂತ ಮೋಸದ್ದು ಸೂಕ್ಷ್ಮಾಣು ಸ್ರವಿಸುವ ವಿಷ, ಏಕೆಂದರೆ ಅದು ರಕ್ತದಲ್ಲಿ ಸಾಗಿ ಹೃದಯದ ಸ್ನಾಯುವನ್ನೂ ನರಗಳನ್ನೂ ಹಾಳುಮಾಡುತ್ತದೆ. ಗಂಟಲು ಸುಧಾರಿಸಿತೆಂದು ಮನೆಯವರು ಸಮಾಧಾನಪಡುವ ಹೊತ್ತಿಗೆ, ಎರಡನೆಯ ವಾರದಲ್ಲಿ, ಹೃದಯ ಸೋತು ಮಗು ಸಾಯುವುದುಂಟು. ಪೆನಿಸಿಲಿನ್ ಅಥವಾ ಎರಿತ್ರೋಮೈಸಿನ್ ಸೂಕ್ಷ್ಮಾಣುವನ್ನು ಕೊಲ್ಲುತ್ತದೆಯೇ ಹೊರತು ಆಗಲೇ ಹರಡಿದ ವಿಷವನ್ನು ಮುಟ್ಟುವುದಿಲ್ಲ. ಆ ಕೆಲಸ ಕುದುರೆಯ ರಕ್ತದಿಂದ ತಯಾರಿಸುವ ಪ್ರತಿವಿಷದ್ದು, ಅಂದರೆ ಆ್ಯಂಟಿಟಾಕ್ಸಿನ್‌ನದ್ದು. ಅದೂ ರಕ್ತದಲ್ಲಿ ಇನ್ನೂ ತೇಲುತ್ತಿರುವ ವಿಷವನ್ನು ಮಾತ್ರ ತಟಸ್ಥಗೊಳಿಸಬಲ್ಲುದು, ಜೀವಕೋಶದೊಳಗೆ ಹೊಕ್ಕ ವಿಷದ ಮೇಲೆ ಅದರ ಆಟ ನಡೆಯದು.

ಇದು ಹೊಸ ತಿಳಿವಳಿಕೆಯಲ್ಲ. 1890ರಲ್ಲಿ ವಿಜ್ಞಾನಿಗಳಾದ ಬೆಹ್ರಿಂಗ್ ಮತ್ತು ಕಿಟಾಸಾಟೊ ಪ್ರತಿವಿಷದ ತತ್ವವನ್ನು ತೋರಿಸಿಕೊಟ್ಟರು; 1894ರಲ್ಲಿ ಪ್ಯಾರಿಸ್ಸಿನ ಮಕ್ಕಳ ಆಸ್ಪತ್ರೆಯಲ್ಲಿ ವೈದ್ಯ ರೂ ಅದನ್ನು ಬಳಸಿದಾಗ, ಅರ್ಧದಷ್ಟು ಮಕ್ಕಳು ಸಾಯುತ್ತಿದ್ದ ವಾರ್ಡಿನಲ್ಲಿ ಸಾವು ಸುಮಾರು ಕಾಲುಭಾಗಕ್ಕೆ ಇಳಿಯಿತು. ಕೋಪನ್‌ಹೇಗನ್‌ನ ವೈದ್ಯ ಫಿಬಿಗರ್ 1896–97ರಲ್ಲಿ, ಒಂದು ದಿನ ದಾಖಲಾದವರಿಗೆ ಪ್ರತಿವಿಷ ಕೊಟ್ಟು ಮರುದಿನ ದಾಖಲಾದವರಿಗೆ ಕೊಡದೆ ನಡೆಸಿದ ಪರೀಕ್ಷೆಯಲ್ಲಿ, ಪಡೆದ 239 ಜನರಲ್ಲಿ 8 ಮಂದಿ ಸತ್ತರೆ ಪಡೆಯದ 245 ಜನರಲ್ಲಿ 30 ಮಂದಿ ಸತ್ತರು. ವಿಕ್ಟೋರಿಯಾ ರಾಣಿಯ ಕೊನೆಗಾಲದ ಲಂಡನ್ನಿನ ಜ್ವರದಾಸ್ಪತ್ರೆಗಳ ಲೆಕ್ಕ ಇನ್ನೂ ಮುಖ್ಯವಾದದ್ದು, ಏಕೆಂದರೆ ಅಲ್ಲಿ ರೋಗಿಗಳನ್ನು ಮದ್ದು ಸಿಕ್ಕ ದಿನದ ಪ್ರಕಾರ ವಿಂಗಡಿಸಿದ್ದರು: ರೋಗ ಕಾಣಿಸಿದ ಮೊದಲ ದಿನವೇ ಪ್ರತಿವಿಷ ಪಡೆದವರಲ್ಲಿ ಸಾವು ಇಲ್ಲವೆನ್ನುವಷ್ಟು ಕಡಿಮೆಯಿತ್ತು, ದಿನ ಕಳೆದಂತೆ ಅದು ಏರುತ್ತ ಹೋಗಿತ್ತು. ನೂರಿಪ್ಪತ್ತು ವರ್ಷಗಳ ಹಿಂದಿನ ಈ ಪಾಠ ಹಾವೇರಿ ಜಿಲ್ಲೆಯ ಮಗುವಿಗೆ ಇನ್ನೂ ದಕ್ಕಬೇಕಾಗಿದೆ.

ಶಂಕಿತ ರೋಗಿಯನ್ನು ದೊಡ್ಡಾಸ್ಪತ್ರೆಗೆ ಕಳುಹಿಸುವುದು ಸಾಮಾನ್ಯ ರೂಢಿ. ಜಿಲ್ಲೆಯ ಶಿಗ್ಗಾಂವಿ ಹೆದ್ದಾರಿಯ ಮೇಲಿರುವುದರಿಂದ ಅಲ್ಲಿನ ಮಗು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯನ್ನು ಬೇಗ ತಲುಪೀತು. ಸವಣೂರಿನ ಒಳಹಳ್ಳಿಗಳಿಂದ, ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನಿಂದ, ಹಾವೇರಿಗೋ ಶಿವಮೊಗ್ಗಕ್ಕೋ ದಾವಣಗೆರೆಗೋ ಎಂದು ಮನೆಯವರೇ ನಿರ್ಧರಿಸಬೇಕಾದ ಹಿರೇಕೆರೂರಿನಿಂದ ಹೊರಡುವ ಮಗುವಿಗೆ ಆ ಅನುಕೂಲವಿಲ್ಲ. ಕೂಲಿ ಬಿಟ್ಟು, ಹಣ ಹೊಂದಿಸಿ, ವಾಹನ ಹುಡುಕಿ ಹೊರಡುವಷ್ಟರಲ್ಲಿ ಒಂದು ದಿನ ಸರಿದಿರುತ್ತದೆ, ಮತ್ತು ಈ ರೋಗದಲ್ಲಿ ಒಂದು ದಿನದ ಬೆಲೆ ಏನೆಂದು ಲಂಡನ್ನಿನ ಲೆಕ್ಕ ಹೇಳುತ್ತದೆ.

ಪ್ರತಿವಿಷವನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಇಡಬೇಕೆಂಬ ಮಾತಿಗೆ ಎದುರಾಗುವ ಆಕ್ಷೇಪಗಳು ಗೊತ್ತಿರುವಂಥವೇ. ಅಪರೂಪಕ್ಕೆ ಬೇಕಾಗುವ ದುಬಾರಿ ಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಯ್ದಿಟ್ಟರೂ ಅವಧಿ ಮುಗಿದು ವ್ಯರ್ಥವಾಗುತ್ತದೆ, ಕುದುರೆಯ ಸೀರಮ್ಮಿಗೆ ಮೈ ತೀವ್ರವಾಗಿ ಪ್ರತಿಕ್ರಿಯಿಸುವ ಅಪಾಯವಿದೆ ಎನ್ನುತ್ತಾರೆ. ಆದರೆ ಹಾವು ಕಡಿದವರಿಗೆ ಕೊಡುವ ಪ್ರತಿವಿಷವೂ ಕುದುರೆಯದ್ದೇ, ಅದಕ್ಕೂ ಅದೇ ಅಪಾಯವಿದೆ, ಆದರೂ ತಾಲ್ಲೂಕು ಆಸ್ಪತ್ರೆಗಳ ವೈದ್ಯರು ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು ಅದನ್ನು ಕೊಡುತ್ತಲೇ ಇದ್ದಾರೆ. ಹೊಲದಲ್ಲಿ ಹಾವು ಕಡಿದ ರೈತನಿಗೆ ಸಲ್ಲುವ ನ್ಯಾಯ ಅವನ ಮಗುವಿಗೇಕೆ ಸಲ್ಲಬಾರದು? ಅವಧಿ ಮುಗಿಯುವ ಸೀಸೆಗಳನ್ನು ಮುಂಚಿತವಾಗಿ ಹುಬ್ಬಳ್ಳಿಯಂಥ ಹೆಚ್ಚು ಬಳಕೆಯ ಆಸ್ಪತ್ರೆಗೆ ಸಾಗಿಸಿ ಹೊಸದನ್ನು ತರಿಸಿಕೊಂಡರೆ ವ್ಯರ್ಥದ ಮಾತೂ ಬಹುಪಾಲು ಇಲ್ಲವಾಗುತ್ತದೆ. ದಾಸ್ತಾನು ಇಲ್ಲದಿದ್ದರೆ ಏನಾಗುತ್ತದೆಂಬುದನ್ನು 2018ರ ಸೆಪ್ಟೆಂಬರಿನಲ್ಲಿ ದೇಶದ ರಾಜಧಾನಿಯೇ ಕಂಡಿದೆ: ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆಯ ಪೂರೈಕೆ ನಿಂತು, ದೆಹಲಿಯ ಮಹರ್ಷಿ ವಾಲ್ಮೀಕಿ ಆಸ್ಪತ್ರೆಯಲ್ಲಿ ಪ್ರತಿವಿಷದ ಕೊರತೆಯ ನಡುವೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಜಗತ್ತಿನಲ್ಲಿ ವರದಿಯಾದ ಡಿಫ್ತೀರಿಯಾ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 8,788, ಆ ವರ್ಷ ಭಾರತದವೇ ಆಗಿದ್ದವು. ಇಂಥ ದೇಶದಲ್ಲಿ ರೋಗ ಅಪರೂಪವೆಂಬ ವಾದ ನಿಲ್ಲುವುದಿಲ್ಲ.

ಲಸಿಕೆಯ ಕೆಲಸ ನಡೆಯಲೇಬೇಕು, ಅದರಲ್ಲೂ ಒಂದೂವರೆ ವರ್ಷಕ್ಕೆ ಮತ್ತು ಐದು ವರ್ಷಕ್ಕೆ ಕೊಡುವ ಬೂಸ್ಟರ್‌ಗಳು ತಪ್ಪಿಹೋಗದಂತೆ ಆಶಾ ಕಾರ್ಯಕರ್ತೆಯರೂ ಶಾಲೆಗಳೂ ನೋಡಿಕೊಳ್ಳಬೇಕು. ಆದರೆ ಅದು ಪ್ರತಿವಿಷಕ್ಕೆ ಪರ್ಯಾಯವಲ್ಲ. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಕನಿಷ್ಠ ಒಬ್ಬ ರೋಗಿಗೆ ಸಾಲುವಷ್ಟು, ಜಿಲ್ಲಾಸ್ಪತ್ರೆಯಲ್ಲಿ ಅದಕ್ಕಿಂತ ಹೆಚ್ಚು ಪ್ರತಿವಿಷ ಇರಬೇಕು. ಗಂಟಲಿನ ಸ್ರಾವವನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಫಲಿತಾಂಶಕ್ಕೆ ಕಾಯದೆ, ಪೊರೆಯನ್ನು ಕಂಡ ವೈದ್ಯರೇ ಅದನ್ನು ಕೊಡುವಂತೆ ಲಿಖಿತ ಆದೇಶ ಹೊರಡಬೇಕು. ಸಾವು ಸಂಭವಿಸಿದಲ್ಲಿ, ಲಸಿಕೆಯ ಕಾರ್ಡಿನ ಜೊತೆಗೆ ಜ್ವರ ಬಂದ ದಿನ, ಮೊದಲ ವೈದ್ಯರು ನೋಡಿದ ದಿನ, ಪ್ರತಿವಿಷ ಕೊಟ್ಟ ಗಂಟೆ ಈ ಮೂರನ್ನೂ ಜಿಲ್ಲಾ ಆರೋಗ್ಯ ಇಲಾಖೆ ಹೆಸರು ಮರೆಮಾಡಿ ಪ್ರಕಟಿಸಬೇಕು.