ಲಂಡನ್ನಿನಲ್ಲಿ ಕಂಡ ಹುಲಿ

2023ರ ಬೇಸಿಗೆಯಲ್ಲಿ ಅಣ್ಣನ ಮನೆಗೆಂದು ಲಂಡನ್ನಿಗೆ ಹೋಗಿದ್ದೆ. ಥೇಮ್ಸ್ ನದಿ, ಅರಮನೆ, ಗಡಿಯಾರದ ಗೋಪುರ ಎಲ್ಲವೂ ಚಿತ್ರಗಳಲ್ಲಿ ಕಂಡಂತೆಯೇ ಇದ್ದವು. ನನ್ನ ಕಾಲು ನಿಂತದ್ದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ, ಟಿಪ್ಪುವಿನ ಮರದ ಹುಲಿಯ ಮುಂದೆ. ಐರೋಪ್ಯನೊಬ್ಬನ ಮೇಲೆರಗಿದ ಹುಲಿ. ಹಿಡಿ ತಿರುಗಿಸಿದರೆ ಅದು ಗುರುಗುಟ್ಟುವಂತೆ, ಕೆಳಗೆ ಬಿದ್ದವನು ನರಳುವಂತೆ ಒಳಗೆ ಯಂತ್ರವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯವರು ಹೊತ್ತೊಯ್ದದ್ದು.

1779ರಲ್ಲಿ ನಮ್ಮ ದುರ್ಗವನ್ನು ಗೆದ್ದು ಮದಕರಿನಾಯಕನನ್ನು ಸೆರೆಯೊಯ್ದವನು ಟಿಪ್ಪುವಿನ ತಂದೆ ಹೈದರಾಲಿಯೇ. ಹೊರಕೆರೆದೇವಪುರದವನಾದ ನನಗೆ ಆ ಮನೆತನದ ಮೇಲೆ ಮಮತೆ ಹುಟ್ಟಬೇಕಾಗಿರಲಿಲ್ಲ. ಆದರೂ ಹುಲಿಯನ್ನು ಕಂಡೊಡನೆ ನಮ್ಮದೆನಿಸಿತು.

ಇಲ್ಲಿ ಪ್ರವೇಶಕ್ಕೆ ಶುಲ್ಕವಿಲ್ಲವೆಂದು ಅಣ್ಣ ಹೊಗಳಿದ. ನಿಜ, ಆದರೆ ಆ ಬಾಗಿಲು ತಲುಪಲು ವೀಸಾ, ವಿಮಾನದ ಟಿಕೆಟ್ಟು ಬೇಕಲ್ಲ! ಶ್ರೀರಂಗಪಟ್ಟಣದ ರೈತನ ಮಗ ಅದನ್ನು ನೋಡುವುದೆಂತು? ನಮ್ಮ ಗ್ರಂಥಾಲಯದವರು ವಾಯಿದೆ ಮೀರಿದ ಪುಸ್ತಕಕ್ಕೇ ದಂಡ ಹಾಕುತ್ತಾರೆ. ಇವರು ಪೂರ್ತಿ ಹಿಂತಿರುಗಿಸದಿದ್ದರೂ ಒಂದು ವರ್ಷದ ಮಟ್ಟಿಗಾದರೂ ಹುಲಿಯನ್ನು ಎರವಲು ಕಳುಹಿಸಲಿ.